ಗೋವಾದ ವಾಸ್ಕೋದ ಸೆಕೆಯಲ್ಲಿ ಸಮುದ್ರ ಮಂಜುಗಡ್ಡೆಯ ಬ್ಯಾಕ್ಟೀರಿಯಾ ಬೆಳೆಸುವುದು

ಧ್ರುವ ಸಮುದ್ರದ ಮಂಜುಗಡ್ಡೆಯ ತುಂಡೊಂದನ್ನು ಬೀಕರಿನಲ್ಲಿಟ್ಟು ಹಾಗೇ ಕರಗಲು ಬಿಟ್ಟರೆ ಒಳಗಿದ್ದ ಬ್ಯಾಕ್ಟೀರಿಯಾದಲ್ಲಿ ಒಂದು ಪಾಲು ಅಲ್ಲೇ ಒಡೆದು ಹೋಗುತ್ತದೆ. ಕಾರಣ ಉಪ್ಪು. ಕಿಲೋಗೆ 35 ಗ್ರಾಂ ಉಪ್ಪಿರುವ ಸಮುದ್ರದ ನೀರು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಮಂಜಿನ ಹರಳು ಉಪ್ಪನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹರಳುಗಳ ನಡುವಿನ ಕೂದಲೆಳೆಯಂಥ ಕಾಲುವೆಗಳಲ್ಲಿ ಅದು ಗಾಢ ಉಪ್ಪುನೀರಾಗಿ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಇರುವುದೂ ಅಲ್ಲೇ. ಮೈನಸ್ 5ರಲ್ಲಿ ಈ ನೀರಿನ ಲವಣಾಂಶ (ಕಿಲೋಗೆ ಎಷ್ಟು ಗ್ರಾಂ ಉಪ್ಪು ಎಂಬ ಲೆಕ್ಕ) ಸುಮಾರು 85, ಮೈನಸ್ 10ರಲ್ಲಿ 140ರ ಮೇಲೆ. ಆದರೆ ಇಡೀ ತುಂಡು ಕರಗಿದಾಗ ಸಿಗುವ ನೀರಿನಲ್ಲಿ ಸಾಮಾನ್ಯವಾಗಿ ಕಿಲೋಗೆ 5 ಗ್ರಾಂ ಆಸುಪಾಸಿನ ಉಪ್ಪಷ್ಟೇ ಇರುತ್ತದೆ. 85ರಲ್ಲಿದ್ದ ಜೀವಕೋಶ ಕೆಲವೇ ಗಂಟೆಗಳಲ್ಲಿ 5ಕ್ಕೆ ಬಿದ್ದರೆ ನೀರು ಒಳನುಗ್ಗಿ ಊದಿ ಒಡೆಯುತ್ತದೆ.

ಅದಕ್ಕೇ ನಾವು ತುಂಡನ್ನು ಯಾವಾಗಲೂ ಉಪ್ಪುನೀರಿನೊಳಗೇ ಕರಗಿಸುತ್ತೇವೆ. ಲೆಕ್ಕ ಹೀಗೆ. 9 ಸೆಂ.ಮೀ. ವ್ಯಾಸದ ಕೋರ್ (ಗಡ್ಡೆಯಿಂದ ಕೊರೆದು ತೆಗೆದ ಕಂಬ), 10 ಸೆಂ.ಮೀ. ಉದ್ದದ ತುಂಡು ಅಂದರೆ 636 ಘನ ಸೆಂ.ಮೀ., ತೂಕ ಸುಮಾರು 570 ಗ್ರಾಂ. ಗಡ್ಡೆಯ ತಳಭಾಗ ಸಮುದ್ರಕ್ಕೆ ತಾಗಿರುವುದರಿಂದ ಮೈನಸ್ 2ರ ಆಸುಪಾಸಿನಲ್ಲಿರುತ್ತದೆ, ಅಲ್ಲಿಯ ಉಪ್ಪುನೀರೂ ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪು. ಆ ತುಂಡಿಗೆ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ ಸಮುದ್ರದ ನೀರು 1 ಲೀಟರ್ ಹಾಕಿದರೆ ಕೊನೆಗೆ ಲವಣಾಂಶ 24ರ ಸುಮಾರಿಗೆ ನಿಲ್ಲುತ್ತದೆ. ಅಷ್ಟು ಸಾಕು. ಮೇಲಿನ ಭಾಗದ, ಮೈನಸ್ 5ರಲ್ಲಿದ್ದ ತುಂಡಿಗೆ ಇದು ಸಾಲದು. 85ರಲ್ಲೇ ನಿಲ್ಲಿಸಬೇಕಾದರೆ ತುಂಡಿನಷ್ಟೇ ತೂಕದ, ಲವಣಾಂಶ 165 ಇರುವ ಉಪ್ಪುನೀರು ಬೇಕು: 165 ಮತ್ತು 5ರ ಸರಾಸರಿ 85.

ಸಮುದ್ರದ ನೀರನ್ನು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿ ಕೊಲ್ಲುವುದು) ಮಾಡಬೇಡಿ, ಸೋಸಿ. ಬಿಸಿಗೆ ಬಿಳಿ ಗಸಿ ಕೂರುತ್ತದೆ, ಆಮೇಲೆ ಸೂಕ್ಷ್ಮದರ್ಶಕದಡಿ ಎಣಿಸುವಾಗ ಗಸಿ ಯಾವುದು ಬ್ಯಾಕ್ಟೀರಿಯಾ ಯಾವುದು ತಿಳಿಯುವುದಿಲ್ಲ. 165ರಷ್ಟು ಗಾಢ ಮಾಡಿದಾಗಲೂ ಮಬ್ಬು ಬರಬಹುದು. ಅದನ್ನೂ ಸೋಸಿಯೇ ಬಳಸಿ.

ಕರಗಿಸುವ ನೀರನ್ನು ಮೊದಲೇ 0 ಡಿಗ್ರಿಗೆ ತಂದಿರಬೇಕು. ಆಮೇಲೆ 4 ಡಿಗ್ರಿಯಲ್ಲಿ, ಕತ್ತಲಲ್ಲಿ, ಆಗಾಗ ಮೆಲ್ಲಗೆ ಅಲುಗಿಸುತ್ತ ಒಂದು ದಿನ, ಕೆಲವೊಮ್ಮೆ ಎರಡು. ನಿಂಬೆಕಾಯಿ ಗಾತ್ರದ ಚೂರು ಉಳಿದಿರುವಾಗ ಪಕ್ಕದಲ್ಲೇ ನಿಂತಿರಿ. ಮಂಜು ಇರುವಷ್ಟು ಹೊತ್ತು ನೀರು ಬೆಚ್ಚಗಾಗುವುದಿಲ್ಲ, ಕೊನೆಯ ಚೂರು ಕರಗಿದ ಮೇಲೆ ಮಾತ್ರ ಏರಲು ಶುರುವಾಗುತ್ತದೆ. ಅವಸರಕ್ಕೆ ಟೇಬಲ್ಲಿನ ಮೇಲಿಟ್ಟು ಕರಗಿಸಿದರೆ ಗೋವಾದ 30 ಡಿಗ್ರಿಯಲ್ಲಿ ಕೆಲಸ ಬೇಗ ಮುಗಿಯುತ್ತದೆ ನಿಜ, ಬ್ಯಾಕ್ಟೀರಿಯಾದ್ದೂ ಮುಗಿಯುತ್ತದೆ.

ಈ ಲೆಕ್ಕಕ್ಕೆಲ್ಲ ತುಂಡಿನ ಮೂಲ ಉಷ್ಣತೆ ಬೇಕು, ಅದು ಕೋರ್ ತೆಗೆದ ಜಾಗದಲ್ಲಿ ಮಾತ್ರ ಸಿಗುತ್ತದೆ. ಕೋರ್ ಹೊರಬಂದ ಕೂಡಲೇ 5 ಅಥವಾ 10 ಸೆಂ.ಮೀ.ಗೊಂದು ತೂತು ಕೊರೆದು ಸೂಜಿ ಥರ್ಮಾಮೀಟರ್ ಇಳಿಸಿ ಬರೆದುಕೊಳ್ಳಬೇಕು. ಕೋರ್ ಎತ್ತುವಾಗಲೇ ತಳದ ಉಪ್ಪುನೀರು ಸೋರಿಹೋಗುತ್ತದೆ, ಅದನ್ನು ಪೂರ್ತಿ ತಡೆಯಲಾಗದು. ಅಡ್ಡ ಮಲಗಿಸಿ ತಳದ ತುಂಡನ್ನು ಮೊದಲು ಕತ್ತರಿಸಿ ಚೀಲಕ್ಕೆ ಹಾಕಿದರೆ ನಷ್ಟ ಕಡಿಮೆ. ತಳದ ಆ ಕಂದು ಪದರ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳದ್ದು. ಅವು ಬಿಡುವ ಸಾವಯವ ಪದಾರ್ಥ ಬ್ಯಾಕ್ಟೀರಿಯಾಕ್ಕೆ ಊಟ. ಕೋರಿನಲ್ಲಿ ಒಂದೇ ತುಂಡು ಆರಿಸಿಕೋ ಅಂದರೆ ನಾನು ಅದನ್ನೇ ಆರಿಸುತ್ತೇನೆ.

ಬೆಳೆಸುವ ಉದ್ದೇಶವಿದ್ದರೆ ಕರಗಿಸುವ ಕೆಲಸ ಹಡಗಿನಲ್ಲೋ, ಅಂಟಾರ್ಕ್ಟಿಕಾದ ಭಾರತಿ ಕೇಂದ್ರದಂಥ ನೆಲೆಯಲ್ಲೋ ಮುಗಿದಿರಬೇಕು. ಇದು ನನ್ನ ಖಚಿತ ಅಭಿಪ್ರಾಯ. ಮೈನಸ್ 20ರಲ್ಲಿ ಹೆಪ್ಪುಗಟ್ಟಿಸಿ ತಂದ ಕೋರ್ ಲವಣಾಂಶಕ್ಕೆ, ಡಿಎನ್‌ಎಗೆ ಚೆನ್ನ. ಮೈನಸ್ 2ರಲ್ಲಿ ಬದುಕಿದ್ದ ತಳದ ಬ್ಯಾಕ್ಟೀರಿಯಾಕ್ಕೆ ಮಾತ್ರ ಆ ಪಯಣ ಶಿಕ್ಷೆ, ಏಕೆಂದರೆ ಅಷ್ಟು ಕೆಳಗೆ ಕಾಲುವೆಯ ಲವಣಾಂಶ 200 ದಾಟಿರುತ್ತದೆ. ಅಂಥ ಕೋರೇ ಕೈಗೆ ಬಂದರೆ ನಾನು ಮೊದಲು ಮೈನಸ್ 5ರ ಫ್ರೀಜರಿನಲ್ಲಿ ಒಂದು ದಿನ ಇಟ್ಟು, ಆಮೇಲೆ 165ರ ಉಪ್ಪುನೀರಿನಲ್ಲಿ ಕರಗಿಸುತ್ತೇನೆ. ಬೆಳೆದದ್ದನ್ನು ‘ಉಳಿದವರು’ ಎಂದಷ್ಟೇ ಓದಬೇಕು. ಮೂಲದಲ್ಲಿ ಎಷ್ಟಿದ್ದವು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಕತ್ತರಿಸುವಾಗ ಹೊರಗಿನ 1ರಿಂದ 2 ಸೆಂ.ಮೀ. ಕೆರೆದು ತೆಗೆಯಿರಿ, ಕೊರೆಯುವ ಯಂತ್ರದ, ಕೈಯ ಕೊಳೆಯೆಲ್ಲ ಅಲ್ಲೇ ಇರುವುದು. ಹಾಗೆ ಕೆರೆದ ತುಂಡನ್ನು ಮತ್ತೆ ತೂಗಿ, ಹೊಸ ತೂಕದ ಮೇಲೆ ಉಪ್ಪುನೀರಿನ ಲೆಕ್ಕ ಹಾಕಿಕೊಳ್ಳಿ. ಜೊತೆಗೆ ಶುದ್ಧ ನೀರಿನ ಗಡ್ಡೆಯೊಂದನ್ನು ಮಾಡಿ ಅದನ್ನೂ ಅದೇ ಗರಗಸದಲ್ಲಿ ಕೊಯ್ದು, ಅದೇ ರೀತಿ ಕರಗಿಸಿ ಪ್ಲೇಟಿಗೆ (ಅಗಾರ್ ಎಂಬ ಲೋಳೆಯಲ್ಲಿ ಆಹಾರ ಬೆರೆಸಿ ಗಟ್ಟಿಮಾಡಿದ ತಟ್ಟೆಗೆ) ಹಾಕಿ. ಅದರಲ್ಲಿ ಏನಾದರೂ ಬೆಳೆದರೆ ಅದು ಗೋವಾದ್ದು.

ಈಗ ಪ್ಲೇಟು. ಝೋಬೆಲ್ ಮರೀನ್ ಅಗಾರ್ (ಸಮುದ್ರದ ಬ್ಯಾಕ್ಟೀರಿಯಾಕ್ಕೆಂದೇ ಇರುವ ಆಹಾರದ ಪುಡಿ) ಪೂರ್ಣ ಬಲದ್ದೊಂದು, ಪೋಷಕಾಂಶವನ್ನು ಹತ್ತನೇ ಒಂದಕ್ಕೆ ಇಳಿಸಿದ್ದೊಂದು. ಇಳಿಸುವುದು ಪೆಪ್ಟೋನ್, ಯೀಸ್ಟ್ ಸಾರ ಮಾತ್ರ. ಸಮುದ್ರದ ಉಪ್ಪು, ಅಗಾರ್ ಎರಡೂ ಹಾಗೇ ಇರಬೇಕು. ಇದನ್ನು ಮರೆತು ಇಡೀ ಪುಡಿಯನ್ನೇ ಹತ್ತನೇ ಒಂದು ಹಾಕಿ, ಪ್ಲೇಟ್ ಗಟ್ಟಿಯಾಗಲಿಲ್ಲ ಅನ್ನುವವರು ಪ್ರತಿ ವರ್ಷ ಇರುತ್ತಾರೆ. ವಾರಗಟ್ಟಲೆ ಇಡುವುದರಿಂದ ಒಣಗದಂತೆ ಪ್ಲೇಟಿಗೆ 25 ಮಿ.ಲೀ. ಸುರಿಯಿರಿ. ಕರಗಿದ ಅಗಾರಿಗೆ ಮಾದರಿ ಬೆರೆಸುವ ವಿಧಾನ ಇಲ್ಲಿ ನಡೆಯದು, ಅಗಾರ್ 45 ಡಿಗ್ರಿ ಇರುತ್ತದೆ. ತಣಿಸಿದ ಪ್ಲೇಟಿನ ಮೇಲೆ ತಣಿಸಿದ ಸಲಾಕೆಯಿಂದ 100 ಮೈಕ್ರೋಲೀಟರ್ ಹರಡಬೇಕು. ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಕೋಲ್ವೆಲ್ಲಿಯಾದಂಥ ಬ್ಯಾಕ್ಟೀರಿಯಾಕ್ಕೆ 20 ಡಿಗ್ರಿಯೇ ಹೆಚ್ಚು, ಅಂಗೈಯ ಬಿಸಿ 30ರ ಮೇಲೆ.

ಗೋವಾದಲ್ಲಿ ನಿಜವಾದ ತಲೆನೋವು ಜೂನ್‌ನಿಂದ ಸೆಪ್ಟೆಂಬರ್. ಫ್ರಿಜ್ಜಿನಿಂದ ತೆಗೆದ ಪ್ಲೇಟು ನಿಮಿಷದೊಳಗೆ ಮಬ್ಬಾಗುತ್ತದೆ. “ಪ್ಲೇಟು ಬೆವರಾಕ್ ಹತ್ಯಾವ್ರಿ ಮೇಡಂ” ಎಂದು ನಮ್ಮ ಧಾರವಾಡದ ಸಹಾಯಕ ಹೇಳುವುದು ಇದನ್ನೇ. ಆ ಹನಿ ಅಗಾರಿನ ಮೇಲೆ ಜಾರಿದರೆ ಎರಡು ಕಾಲನಿ ಒಂದಾಗುತ್ತವೆ, ಹನಿಯ ದಾರಿಯಲ್ಲೇ ಬೂಸ್ಟೂ ಹಬ್ಬುತ್ತದೆ. 4 ಡಿಗ್ರಿಯ ಕೋಲ್ಡ್ ರೂಮಿನೊಳಗೇ ಸ್ವೆಟರ್ ಹಾಕಿಕೊಂಡು ಹರಡುವುದು ಒಳ್ಳೆಯದು. ಅದಿಲ್ಲದಿದ್ದರೆ ನಾಲ್ಕು ನಾಲ್ಕು ಪ್ಲೇಟು ಜಿಪ್ ಚೀಲದಲ್ಲಿಟ್ಟು, ಒಂದೊಂದನ್ನೇ ಹೊರತೆಗೆದು ಕೂಡಲೇ ಒಳಗಿಡಿ.

ಮನೆಬಳಕೆಯ ಫ್ರಾಸ್ಟ್-ಫ್ರೀ ಫ್ರಿಜ್ ಇನ್‌ಕ್ಯುಬೇಟರ್ ಆಗದು. ಮಂಜು ಕರಗಿಸಲು ಅದರ ಹೀಟರ್ ತಾನಾಗಿ ಓಡುವಾಗ ಒಳಗಿನ ಗಾಳಿ ಬೆಚ್ಚಗಾಗುತ್ತದೆ, ಹೊರಗಿನ ಡಿಸ್‌ಪ್ಲೇ ನೋಡಿದರೆ ಗೊತ್ತಾಗುವುದಿಲ್ಲ. ಪ್ಲೇಟುಗಳ ನಡುವೆ ಡೇಟಾ ಲಾಗರ್ ಇಡಿ. ಕರೆಂಟ್ ಹೋದಾಗ ಆಸರೆಗೆ ಉಪ್ಪುನೀರು ತುಂಬಿದ ಬಾಟಲಿಗಳನ್ನು ಸುತ್ತ ಜೋಡಿಸಿ.

ಎಣಿಕೆಗೆ 1ರಿಂದ 2 ಪ್ರತಿಶತ ಫಾರ್ಮಾಲ್ಡಿಹೈಡ್ ಹಾಕಿ, ಡ್ಯಾಪಿ (ಡಿಎನ್‌ಎಗೆ ಅಂಟಿ ಹೊಳೆಯುವ) ಬಣ್ಣ ಕೊಟ್ಟು, 0.2 ಮೈಕ್ರಾನಿನ ಕಪ್ಪು ಪಾಲಿಕಾರ್ಬೊನೇಟ್ ಫಿಲ್ಟರಿನ ಮೇಲೆ ನೋಡುತ್ತೇವೆ. ಬಂದ ಸಂಖ್ಯೆಯನ್ನು ಮೊದಲು ಸೇರಿಸಿದ ನೀರಿಗಾಗಿ ಸರಿಪಡಿಸಿ: 570ಕ್ಕೆ 1000 ಸೇರಿಸಿದ್ದರೆ 2.75ರಿಂದ ಗುಣಿಸಿ. ಅದು ಮಿ.ಲೀ.ಗೆ ಒಂದು ಲಕ್ಷ ಬಂದಿತು ಅನ್ನಿ. ಗಡ್ಡೆಯಲ್ಲಿ ಉಪ್ಪುನೀರಿನ ಪಾಲು ಶೇ. 5 ಆದರೆ ಕಾಲುವೆಯೊಳಗಿನ ನಿಜವಾದ ಸಾಂದ್ರತೆ ಮಿ.ಲೀ.ಗೆ 20 ಲಕ್ಷ. ಆ ಪಾಲಿಗೆ ಸೂತ್ರವಿದೆ: 49.185ನ್ನು ಉಷ್ಣತೆಯಿಂದ (ಮೈನಸ್ ಚಿಹ್ನೆ ಬಿಟ್ಟು) ಭಾಗಿಸಿ, 0.532 ಕೂಡಿಸಿ, ಗಡ್ಡೆಯ ಲವಣಾಂಶದಿಂದ ಗುಣಿಸಿ. ಉತ್ತರ ಸಾವಿರಕ್ಕೆ ಇಷ್ಟು ಎಂದು ಬರುತ್ತದೆ. ಮೈನಸ್ 5, ಲವಣಾಂಶ 5 ಆದರೆ 52.

ಪ್ರತಿ ಮಾದರಿಯನ್ನು 4, 15 ಮತ್ತು 30 ಡಿಗ್ರಿಯಲ್ಲಿ ಇಡಿ. 30ಕ್ಕೆ ಇನ್‌ಕ್ಯುಬೇಟರ್ ಬೇಕಿಲ್ಲ, ನಮ್ಮ ಟೇಬಲ್ಲೇ ಸಾಕು. ಅಲ್ಲಿ ಎರಡೇ ದಿನಕ್ಕೆ ಎದ್ದದ್ದು ಬಹುತೇಕ ಕಲಬೆರಕೆ. 4ರಲ್ಲಿ ಎರಡು ವಾರಕ್ಕೆ ಕಿತ್ತಳೆ, ಹಳದಿ ಚುಕ್ಕೆಗಳು ಕಾಣಿಸತೊಡಗುತ್ತವೆ. ತಡವಾಗಿ ಬರುವವೇ ಹೆಚ್ಚು ಬೆಲೆಯವು. ಅಲಾಸ್ಕಾದ ಸಮುದ್ರ ಮಂಜಿನಿಂದ ತೆಗೆದ ಸೈಕ್ರೊಮೋನಾಸ್ ಇಂಗ್ರಹಾಮಿ ಎಂಬ ಬ್ಯಾಕ್ಟೀರಿಯಾ ಮೈನಸ್ 12ರಲ್ಲಿ ಒಮ್ಮೆ ಇಬ್ಭಾಗವಾಗಲು 10 ದಿನ ತೆಗೆದುಕೊಳ್ಳುತ್ತದೆ. ಎರಡು ತಿಂಗಳಾದರೂ ಖಾಲಿ ಕಾಣುವ ಪ್ಲೇಟು ಬಿಸಾಡಬೇಡಿ. ಚೀಲದ ಮೇಲೆ ತಾರೀಖಿನ ಜೊತೆ ‘ಬಿಸಾಡಬೇಡಿ’ ಎಂದು ಕನ್ನಡದಲ್ಲೂ ‘ಫೆಕೂ ನಕಾ’ ಎಂದು ಮರಾಠಿಯಲ್ಲೂ ಬರೆದಿಡುವುದು ನಮ್ಮಲ್ಲಿ ರೂಢಿ. ಆಯ್ದ ಕಾಲನಿಯನ್ನು ಶೇ. 20 ಗ್ಲಿಸರಾಲ್‌ನಲ್ಲಿ ಮೈನಸ್ 80ಕ್ಕೆ ಸೇರಿಸುವಾಗ ಅದು ಬೆಳೆದ ಉಷ್ಣತೆಯನ್ನೂ ಲವಣಾಂಶವನ್ನೂ ಟ್ಯೂಬಿನ ಮೇಲೇ ಬರೆಯಿರಿ, ಬರೀ ನಂಬರ್ ಸಾಲದು.