ಈ ಸಲ ಒಂದು ಬೀಜವನ್ನೂ ಬಿತ್ತಲಿಲ್ಲ

ಗೌರಿ ಹಬ್ಬದ ಹಿಂದಿನ ಸಂಜೆ ಎರಡು ಬುಟ್ಟಿ ಹೂ ಕೊಯ್ದೆ. ಕರ್ಣಕುಂಡಲ, ಹಳದಿ ಕಾಸ್ಮಾಸ್, ಕೋಳಿಜುಟ್ಟು, ನಿತ್ಯಪುಷ್ಪ, ಬೇಲಿಯ ಮೇಲಿನ ಗೌರಿಹೂ. ಇದರಲ್ಲಿ ಒಂದನ್ನೂ ಈ ವರ್ಷ ನಾನು ಬಿತ್ತಿದ್ದಲ್ಲ, ಪೇಟೆಯಿಂದ ತಂದು ನೆಟ್ಟಿದ್ದೂ ಅಲ್ಲ. ನಾಲ್ಕು ವರ್ಷದ ಹಿಂದೆ, ಬಿತ್ತದೆಯೇ ಹೂ ಬೆಳೆಯುತ್ತೇನೆ ಅಂದಾಗ ನಕ್ಕವರ ಮನೆಗೆಲ್ಲ ಒಂದೊಂದು ಬೊಗಸೆ ಕೊಟ್ಟು ಬಂದೆ. ಕೊಡುವಾಗ ಸ್ವಲ್ಪ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮದು ಮಲೆನಾಡಿನ ಸಾಗರದ ಕಡೆ. ಮನೆಯೆದುರು ಸುಮಾರು ಒಂದೂವರೆ ಗುಂಟೆ ಜಾಗ, ಜಂಬಿಟ್ಟಿಗೆ ಮಣ್ಣು, ತೋಟದ ಕಡೆಗೆ ಇಳಿಜಾರು. ಮೊದಲೆಲ್ಲ ಪ್ರತಿ ಜೂನ್‌ನಲ್ಲಿ ನರ್ಸರಿಗೆ ಹೋಗಿ ಸಸಿ ತರುವುದು ನನ್ನ ಚಟ. ಒಂದಕ್ಕೆ ಇಪ್ಪತ್ತೈದೋ ಮೂವತ್ತೋ ರೂಪಾಯಿ. ಕುಂಡ, ಗೊಬ್ಬರ, ಆಳಿನ ಸಂಬಳ ಎಲ್ಲ ಸೇರಿ ವರ್ಷಕ್ಕೆ ಐದು ಸಾವಿರದ ಹತ್ತಿರ ಹೋಗುತ್ತಿತ್ತು. ಪಿಟೂನಿಯಾ ನಮ್ಮ ಜುಲೈ ಮಳೆಗೆ ಹಿಂಡಿ ಬಿಸಾಡಿದ ಬಟ್ಟೆ ಚೂರಿನ ಹಾಗಾಗುತ್ತಿತ್ತು. ದಪ್ಪ ಚೆಂಡುಹೂವಿನ ಬೀಜ ಹಿಡಿದಿಟ್ಟು ಮರುವರ್ಷ ಬಿತ್ತಿದರೆ ಒಂದು ಗಿಡ ಆಳೆತ್ತರ, ಇನ್ನೊಂದರಲ್ಲಿ ಒಂಟಿ ಎಸಳು. ಹೈಬ್ರಿಡ್ ಎಂದು ಪ್ಯಾಕೆಟ್ಟಿನ ಮೇಲೇ ಬರೆದಿತ್ತು, ಓದದ್ದು ನಾನು.

ಆ ನಡುವೆ ಇಂಗ್ಲೆಂಡಿನ ಹಳ್ಳಿಮನೆಗಳ ಹೂದೋಟದ ವಿಡಿಯೋ ನೋಡುವ ಹುಚ್ಚು ಬೇರೆ ಹತ್ತಿತು. ಒಮ್ಮೆ ಹಾಕಿದರೆ ಸಾಕು, ತಾನೇ ಬೀಜ ಉದುರಿಸಿಕೊಂಡು ವರ್ಷವರ್ಷ ಬರುತ್ತದಂತೆ! ಫಾಕ್ಸ್‌ಗ್ಲವ್, ಲುಪಿನ್, ಹಾಲಿಹಾಕ್ ಬೀಜಕ್ಕೆ ಸಾವಿರದ ಚಿಲ್ಲರೆ ಸುರಿದೆ. ಫಾಕ್ಸ್‌ಗ್ಲವ್ ಬೀಜ ನಶ್ಯದ ಪುಡಿಯಷ್ಟು ಸಣ್ಣ, ಹಾಕಿದ್ದೊಂದೇ ಗೊತ್ತು. ಲುಪಿನ್ ನಾಲ್ಕು ಎಲೆ ಬಿಟ್ಟು ಕೊಳೆಯಿತು. ಹಾಲಿಹಾಕ್ ಮೊಣಕಾಲೆತ್ತರ ಬಂದು ಆಸೆ ಹುಟ್ಟಿಸಿ ಪುನರ್ವಸು ಮಳೆಗೆ ಬುಡ ಕರಗಿ ಮಲಗಿತು. ಅದೇ ಹೊತ್ತಿಗೆ ಬಚ್ಚಲ ನೀರು ಹೋಗುವಲ್ಲಿ, ಯಾರೂ ಕೇಳದ ಕರ್ಣಕುಂಡಲ ಸೊಂಟದೆತ್ತರ ನಿಂತು ಹೂ ಬಿಟ್ಟಿತ್ತು. ಅದರ ಬೀಜ ಯಾರು ಹಾಕಿದ್ದು? ಯಾರೂ ಅಲ್ಲ. ಚಳಿ ದೇಶದ ಗಿಡದಿಂದ ನಾನು ಬಯಸುತ್ತಿದ್ದ ಕೆಲಸವನ್ನು ಇದು ಅಜ್ಜಿಯ ಕಾಲದಿಂದ ಮಾಡಿಕೊಂಡು ಬಂದಿತ್ತು.

ಹಾಗೆಂದು ಗಿಡ ಬಿಟ್ಟುಬಿಟ್ಟರೆ ಸಾಕು ಅಂದುಕೊಂಡರೆ ಕೆಟ್ಟಿರಿ. ಮೊದಲ ವರ್ಷ ಒಣಗಿದ ಗಿಡ ಕೀಳದೆ, ಗುಡಿಸದೆ ಹಾಗೇ ಬಿಟ್ಟೆ. ದೀಪಾವಳಿಗೆ ಅತ್ತೆ ಜಗಲಿಯಲ್ಲಿ ನಿಂತು, "ಅಲ್ದೆ ಕೂಸೆ, ಇದು ಅಂಗಳವೋ ಹಾಡ್ಯವೋ?" ಅಂದರು. ತುಳಸಿಕಟ್ಟೆಯ ಸುತ್ತ ಎಂಟಡಿ ಅವರ ಪಾಲು, ಗುಡಿಸಿ ಸಗಣಿ ಹಾಕಲಿ, ಉಳಿದದ್ದು ನನ್ನದು ಎಂದು ರಾಜಿ ಮಾಡಿಕೊಂಡೆವು. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಗುಡುಗು ಮಳೆ ಬಂತು. ನಾಲ್ಕೇ ದಿನಕ್ಕೆ ಹಸಿರು ಚಾಪೆ ಹಾಸಿದ ಹಾಗೆ ಸಸಿ! ಊರಿಗೆಲ್ಲ ಫೋನ್ ಮಾಡಿ ಹೇಳಿದೆ. ಆಮೇಲೆ ಹದಿನೈದು ದಿನ ಒಂದು ಹನಿ ಇಲ್ಲ. ಅಷ್ಟೂ ಸುಟ್ಟು ಕಡ್ಡಿಯಾಯಿತು. ಮಣ್ಣಲ್ಲಿದ್ದ ಬೀಜದಲ್ಲಿ ಹೆಚ್ಚಿನದೆಲ್ಲ ಒಂದೇ ಸಲ ಖರ್ಚು.

ಎರಡನೇ ವರ್ಷದಿಂದ ಮಾಡಿದ್ದು ಇದು. ಜನವರಿಯಲ್ಲಿ ಒಣಗಿದ ಗಿಡಗಳನ್ನು ಅಲ್ಲಲ್ಲೇ ಬಡಿದು ಬೀಜ ಉದುರಿಸಿ, ಮೇಲೆ ದರಕು, ಅಂದರೆ ಉದುರಿದ ಒಣ ಎಲೆ, ಹೊದಿಸಿಬಿಡುತ್ತೇನೆ, ಅಡಿಕೆ ಬುಡಕ್ಕೆ ಹಾಕುವಷ್ಟೇ ದಪ್ಪ. ಬೇಸಿಗೆಯ ಬಿಡಿ ಮಳೆ ಅಡಿಗೆ ಇಳಿಯುವುದೇ ಇಲ್ಲ, ಬೀಜ ಮಲಗಿರುತ್ತದೆ. ರೋಹಿಣಿ ಮಳೆಗೂ ನಂಬಿಕೆಯಿಲ್ಲ. ಮೃಗಶಿರ ಹಿಡಿದು ಮೂರು ದಿನ ಬಿಡದೆ ಹೊಯ್ದ ಮೇಲೆ ದರಕು ಎಳೆದು ಪಕ್ಕಕ್ಕೆ ಹಾಕುತ್ತೇನೆ. ತೆಗೆಯುವುದು ನಾಲ್ಕು ದಿನ ತಡವಾದರೆ ಸಸಿ ಬಿಳಿಚಿ ದಾರದಂತೆ ಉದ್ದವಾಗುತ್ತವೆ. ಅದನ್ನೂ ಒಂದು ವರ್ಷ ಮಾಡಿ ನೋಡಿಯಾಗಿದೆ.

ಬೀಜ ಕೊಚ್ಚಿಹೋಗುವುದು ಇನ್ನೊಂದು ಗೋಳು. ಇಳಿಜಾರಿನ ಬೀಜವೆಲ್ಲ ತೋಟದ ಕಾದಿಗೆಯಲ್ಲಿ (ನೀರು ಹರಿದುಹೋಗುವ ಕಾಲುವೆ) ಹುಟ್ಟಿ, ಅಡಿಕೆ ಮರದ ಮಧ್ಯೆ ಕೋಳಿಜುಟ್ಟು ಕೆಂಪಗೆ ನಗುತ್ತಿತ್ತು. ಅಡಿಕೆ ಮರ ಸೀಳಿದ ಹಳೇ ದಬ್ಬೆಯನ್ನು ಇಳಿಜಾರಿಗೆ ಅಡ್ಡಲಾಗಿ, ಮೂರ್ಮೂರು ಅಡಿಗೊಂದರಂತೆ ಗೂಟ ಹೊಡೆದು ಮಲಗಿಸಿದೆ. ಈಗ ಮಣ್ಣೂ ಬೀಜವೂ ದಬ್ಬೆಯ ಮೇಲ್ಬದಿಗೆ ಬಂದು ನಿಲ್ಲುತ್ತವೆ, ಸಸಿ ಸಾಲಾಗಿ ಏಳುತ್ತದೆ. ನೋಡಿದವರು ಸಾಲು ಹಿಡಿದು ಬಿತ್ತಿದ್ದು ಅಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ.

ಕಳೆ ತೆಗೆಯುವ ವಿಷಯಕ್ಕೆ ಬಂದರೆ, ನನಗೆ ಅತಿ ಹೆಚ್ಚು ನಷ್ಟ ಮಾಡಿದ್ದು ಮಳೆಯಲ್ಲ, ಕೈ. ಕೆಲಸಕ್ಕೆ ಬಂದವರು ಒಂದೇ ದಿನದಲ್ಲಿ ಅಂಗಳ ಚೊಕ್ಕಟ ಮಾಡಿ, ಕರ್ಣಕುಂಡಲದ ಸಸಿಯನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಗೊಬ್ಬರಗುಂಡಿಗೆ ಹಾಕಿದ್ದರು. ಅವರದೇನು ತಪ್ಪು, ನನಗೇ ಗುರುತು ಸಿಗುತ್ತಿರಲಿಲ್ಲ. ಮರುವರ್ಷ ಎಣ್ಣೆ ಡಬ್ಬ ಕತ್ತರಿಸಿ ಒಂದೊಂದರಲ್ಲಿ ಒಂದೊಂದು ಬೀಜ ಹಾಕಿ ಜಗಲಿಯಲ್ಲಿಟ್ಟೆ, ಹೂವಿಗಲ್ಲ, ಮೊದಲ ಎಲೆ ಗುರುತಿಗೆ. ಸಂಜೆಮಲ್ಲಿಗೆಯದು ಮೂತ್ರಪಿಂಡದ ಆಕಾರ, ಅಗಲ, ಮರೆಯುವಂತೆಯೇ ಇಲ್ಲ. ಕರ್ಣಕುಂಡಲದ್ದು ದುಂಡಗೆ, ದಪ್ಪ, ಕಾಂಡ ನೀರು ತುಂಬಿದ ಹಾಗೆ ಪಾರದರ್ಶಕ. ಕಾಸ್ಮಾಸಿಂದು ಸಪೂರ, ಉದ್ದ. ಈಗ ಕಣ್ಣು ಮುಚ್ಚಿ ಹೇಳಬಲ್ಲೆ.

ಖರ್ಚಿಲ್ಲದ್ದೆಂದು ಕೈ ಸುಟ್ಟುಕೊಂಡದ್ದೂ ಇದೆ. ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ಯಾರದೋ ಗೇಟಿನ ಹತ್ತಿರದಿಂದ ನಾಲ್ಕು ತುಂಡು ತಂದು ದರೆಗೆ ಚುಚ್ಚಿದೆ. ಮಣ್ಣು ಹಿಡಿಯುತ್ತದೆ, ನೀರು ಬೇಡ, ಆರೈಕೆ ಬೇಡ. ಎರಡೇ ಮಳೆಗಾಲಕ್ಕೆ ಮಳೆ ಲಿಲ್ಲಿಯನ್ನೂ ಅಬ್ಬಲಿಗೆಯನ್ನೂ ನುಂಗಿ ತೋಟಕ್ಕೆ ಇಳಿಯಿತು. ಗಂಟಿಗೊಂದು ಬೇರು, ಕಿತ್ತ ತುಂಡು ಬಿದ್ದಲ್ಲೇ ಚಿಗುರು. ಎಂಟು ಹತ್ತು ಆಳು ಸಂಬಳ ಹೋಯಿತು, ಈಗಲೂ ವಾರಕ್ಕೊಂದು ಎಳೆ ಸಿಗುತ್ತದೆ. ಯಾರಾದರೂ ಪುಕ್ಕಟೆ ಕೊಟ್ಟರೆ ಕೈ ಮುಗಿದು ವಾಪಸ್ ಕೊಡಿ.

ಗಡ್ಡೆಯವು ನನ್ನ ಅಚ್ಚುಮೆಚ್ಚು. ಸಂಜೆಮಲ್ಲಿಗೆ ಬೇಸಿಗೆಯಲ್ಲಿ ಸತ್ತಂತಿದ್ದು ಗಡ್ಡೆಯಿಂದಲೂ ಬರುತ್ತದೆ, ಕರಿಮೆಣಸಿನಂಥ ಬೀಜದಿಂದಲೂ ಬರುತ್ತದೆ. ಗೌರಿಹೂ ಎಲೆಯ ತುದಿಯನ್ನೇ ಸುರುಳಿ ಮಾಡಿ ಬೇಲಿ ಹಿಡಿದು ಏರುತ್ತದೆ, ಹಬ್ಬಕ್ಕೆ ಸರಿಯಾಗಿ ಅರಳುತ್ತದೆ. ಆದರೆ ಅದರ ಗಡ್ಡೆ ವಿಷ, ಮಕ್ಕಳಿರುವ ಮನೆಯಲ್ಲಿ ದೂರದ ಬೇಲಿಗೇ ಇರಲಿ. ಮಳೆ ಲಿಲ್ಲಿಯನ್ನು ಸೂರಿನ ನೀರು ಬೀಳುವ ಗೆರೆಗೆ ಉದ್ದಕ್ಕೂ ಹಾಕಿದ್ದೇನೆ. ಡೇರೆ (ಡೇಲಿಯಾ) ಮಾತ್ರ ತಾನಾಗಿ ಬರುವ ಜಾತಿಯಲ್ಲ, ಗಡ್ಡೆ ಕೊಳೆಯುತ್ತದೆ, ಉಳಿದದ್ದನ್ನು ಮುಳ್ಳುಹಂದಿ ಬಗೆಯುತ್ತದೆ. ನನ್ನ ಹತ್ತು ಗಡ್ಡೆಯಲ್ಲಿ ಎಂಟು ಉಳಿಯುತ್ತವೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ಹೇಳುತ್ತೇನೆ, ಬರುವಾಗ ನನ್ನಲ್ಲಿಲ್ಲದ ಬಣ್ಣದ ಡೇರೆ ಗಡ್ಡೆ ತಂದರೆ.

ಬಣ್ಣದ ವಿಷಯ ಹೇಳಲೇಬೇಕು. ಬಿಟ್ಟ ಹಾಗೇ ಬಿಟ್ಟರೆ ಸುತ್ತೆಸಳಿನ ಕರ್ಣಕುಂಡಲ ಮೂರು ವರ್ಷಕ್ಕೆ ಒಂಟಿ ಎಸಳಿಗೆ, ಮಾಸಲು ಗುಲಾಬಿಗೆ ಇಳಿಯಿತು. ಈಗ ಮೊದಲ ಹೂ ಬಿಟ್ಟ ಕೂಡಲೇ ಇಷ್ಟವಿಲ್ಲದ್ದನ್ನು ಕಿತ್ತುಬಿಡುತ್ತೇನೆ, ಕಾಯಿಯಾಗಲು ಬಿಡುವುದಿಲ್ಲ. ಕಾಯಿ ಬಲಿತರೆ ಮುಟ್ಟಿದರೆ ಸಾಕು ಸಿಡಿದು ಹತ್ತು ಕಡೆ ಬೀಜ. ಮೊಮ್ಮಗಳಿಗೆ ಅದೇ ಆಟ, ನನಗೆ ಬಿತ್ತನೆಯ ಸಂಬಳ ಉಳಿಯಿತು.

ಹೂವಿನ ನಡುವೆ ಕೆಂಪು ಹರಿವೆ ಬಿಟ್ಟು ನೋಡಿದ್ದು ಸುಮ್ಮನೆ. ಅದೂ ವರ್ಷವರ್ಷ ಬರುತ್ತಿದೆ, ತಿಂಗಳಿಗೆ ನಾಲ್ಕು ಸಲ ಪಲ್ಯಕ್ಕೆ ಆಗುತ್ತದೆ. ಸಿಂಬಳದ ಹುಳಕ್ಕೆ ಬೂದಿ ಹಾಕಿ ನೋಡಿದೆ, ಒಂದು ಮಳೆಗೆ ತೊಳೆದು ಹೋಯಿತು. ರಾತ್ರಿ ಟಾರ್ಚ್ ಹಿಡಿದು ಆರಿಸುವುದೊಂದೇ ದಾರಿ.

ಕಳೆದ ವರ್ಷದ ಖರ್ಚು, ನೆನಪಿದ್ದಷ್ಟು, ಒಂದು ಆಳು ಮತ್ತು ಸುತ್ತಲಿ ದಾರ, ಆರುನೂರರ ಒಳಗೆ. ಕೆಲಸ ಇಲ್ಲವೆಂದಲ್ಲ, ಜೂನ್‌ನ ಹದಿನೈದು ದಿನ ಸೊಂಟ ಬೀಳುತ್ತದೆ.

ಅತಿ ಹೆಚ್ಚು ನಕ್ಕಿದ್ದ ನಮ್ಮ ನಾದಿನಿ ಜುಲೈಯಲ್ಲಿ ಬಂದು, "ಅತ್ತಿಗೆ, ನಂಗೂ ನಾಕು ಸಸಿ ಕೊಡು" ಅಂದಳು. ಬಾಳೆಲೆಯಲ್ಲಿ ಸುತ್ತಿ, ಒಂದೊಂದರ ಹೆಸರು ಹೇಳಿ, ಎಲೆ ತೋರಿಸಿ ಪಾಠ ಮಾಡಿಯೇ ಕೊಟ್ಟೆ. ಮೊನ್ನೆ ಫೋಟೋ ಕಳಿಸಿದ್ದಾಳೆ. ಕಾಸ್ಮಾಸ್ ಎಂದು ನಾನು ಕೊಟ್ಟ ಆರರಲ್ಲಿ ಎರಡು, ಸೀರೆಗೆ ಕಪ್ಪು ಸೂಜಿಯಂತೆ ಅಂಟಿಕೊಳ್ಳುವ ಬೀಜದ ಆ ಕಳೆ ಗಿಡ. ಕೆಳಗೆ ಬರೆದಿದ್ದಾಳೆ, "ಇದಕ್ಕೂ ಗೂಟ ಕೊಡಕ್ಕ?"