ಹಳೆ ಎಫ್ ಮೌಂಟ್ ಲೆನ್ಸುಗಳನ್ನು ಇಟ್ಟುಕೊಂಡೇ ಮಿರರ್‌ಲೆಸ್‌ಗೆ ಬದಲಾದದ್ದು: ನನ್ನ ಅನುಭವ

ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಿಟ್ಟು ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹೋಗುವವರು ಎಷ್ಟೋ ಸಲ ಇದ್ದ ಲೆನ್ಸುಗಳನ್ನೆಲ್ಲ ಒಂದೇ ಏಟಿಗೆ ಮಾರಿಬಿಡುತ್ತಾರೆ. ನಾನು ಹಾಗೆ ಮಾಡಲಿಲ್ಲ. ನಿಕಾನ್ ಡಿ750 ಜಾಗಕ್ಕೆ ಝಡ್ 6 ಟೂ ಬಾಡಿ, ಜೊತೆಗೆ ಹಳೆ ಎಫ್ ಮೌಂಟಿನ ಲೆನ್ಸನ್ನು ಹೊಸ ಝಡ್ ಮೌಂಟಿಗೆ (ಮೌಂಟ್ ಎಂದರೆ ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ) ಹೊಂದಿಸುವ ಒಂದು ಎಫ್‌ಟಿಝಡ್ ಅಡಾಪ್ಟರು, ಇಷ್ಟನ್ನೇ ಮೊದಲು ತಂದೆ. ಆಮೇಲೆ ಇದ್ದ ಐದು ಲೆನ್ಸುಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿದೆ. ಹೊಸ ಬಾಡಿಯ ಮೇಲೆ ಯಾವುದು ನಿಜವಾಗಿ ಏನನ್ನಾದರೂ ಕಳೆದುಕೊಳ್ಳುತ್ತದೋ ಅದನ್ನು ಮಾತ್ರ ಮಾರಿದೆ. ಎರಡು ಹೋದವು, ಮೂರು ಉಳಿದವು.

ಅಡಾಪ್ಟರ್ ಹಾಕಿದರೆ ಚಿತ್ರದ ಕ್ವಾಲಿಟಿ ಬೀಳುತ್ತದೆ ಎಂಬ ಭಯ ಬಹಳ ಜನಕ್ಕಿದೆ. ಈ ಅಡಾಪ್ಟರಿನೊಳಗೆ ಗಾಜಿಲ್ಲ, ಬರೀ ಗಾಳಿ. ಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರಿಗೆ 46.5 ಮಿಮೀ ದೂರ, ಝಡ್ ಮೌಂಟಿನಲ್ಲಿ 16 ಮಿಮೀ. ವ್ಯತ್ಯಾಸದ 30.5 ಮಿಮೀ ತುಂಬುವುದೇ ಅಡಾಪ್ಟರಿನ ಮುಖ್ಯ ಕೆಲಸ. ಕ್ಯಾನನ್‌ನಲ್ಲೂ ಇದೇ ಲೆಕ್ಕ: ಹಳೆಯ ಇಎಫ್ ಮೌಂಟಿಗೆ 44, ಹೊಸ ಆರ್‌ಎಫ್ ಮೌಂಟಿಗೆ 20, ನಡುವೆ 24 ಮಿಮೀ. ಈ ಅಳತೆ ಸರಿಯಿದ್ದರೆ ಲೆನ್ಸಿಗೆ ತಾನು ಯಾವ ಬಾಡಿಯ ಮೇಲಿದ್ದೇನೆ ಎಂಬುದೇ ತಿಳಿಯದು.

ತೂಕ ಕಡಿಮೆಯಾಗುತ್ತದೆ ಎಂದು ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಬ್ಯಾಟರಿ, ಕಾರ್ಡ್ ಸೇರಿ ಡಿ750 ಸುಮಾರು 840 ಗ್ರಾಂ. ಝಡ್ 6 ಟೂ 705 ಗ್ರಾಂ, ಎಫ್‌ಟಿಝಡ್ 135 ಗ್ರಾಂ. ಕೂಡಿದರೆ ಅದೇ 840. ಹಳೆಯ ಇಎನ್-ಇಎಲ್15 ಬ್ಯಾಟರಿಗಳು ಹೊಸ ಬಾಡಿಯಲ್ಲೂ ನಡೆಯುತ್ತವೆ. ಆದರೆ ಯುಎಸ್‌ಬಿ ಕೇಬಲ್ಲಿನಿಂದ ಬಾಡಿಯೊಳಗೇ ಚಾರ್ಜ್ ಆಗಬೇಕೆಂದರೆ 15ಬಿ ಅಥವಾ 15ಸಿ ಬೇಕು.

ಮೊದಲು ಪರೀಕ್ಷಿಸಿದ್ದು 200-500 ಮಿಮೀ ಎಫ್/5.6 ಝೂಮ್ ಲೆನ್ಸ್. ಲೆನ್ಸಿನೊಳಗೇ ಫೋಕಸ್ ಮೋಟಾರಿದೆ, ಅಪರ್ಚರ್ (ಬ್ಲೇಡುಗಳ ನಡುವಿನ, ಬೆಳಕು ಬಿಡುವ ರಂಧ್ರ) ಕೂಡ ವಿದ್ಯುತ್ತಿನಿಂದ ನಡೆಯುತ್ತದೆ. ಹಾಗಾಗಿ ಏನೂ ಕಳೆದುಕೊಳ್ಳಲಿಲ್ಲ, ಬದಲಿಗೆ ಒಂದು ಲಾಭವೂ ಆಯಿತು. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರೇ ಬೇರೆ, ಚಿತ್ರ ತೆಗೆಯುವ ಸೆನ್ಸರೇ ಬೇರೆ. ಎರಡರ ನಡುವಿನ ಸಣ್ಣ ವ್ಯತ್ಯಾಸಕ್ಕಾಗಿ ಎಎಫ್ ಫೈನ್ ಟ್ಯೂನ್ ಎಂಬ ತಿದ್ದುಪಡಿಯ ಅಂಕಿ ಹಾಕಬೇಕಾಗುತ್ತಿತ್ತು. ಇಲ್ಲಿ ಚಿತ್ರದ ಸೆನ್ಸರೇ ಫೋಕಸ್ ಅಳೆಯುವುದರಿಂದ ಹಳೆಯ ಬಾಡಿಯಲ್ಲಿ ಬರೆದಿಟ್ಟುಕೊಂಡ ಅಂಕಿಯನ್ನು ಹೊಸದರಲ್ಲಿ ಹಾಕಲೇಬಾರದು, ಸೊನ್ನೆಯಿಂದ ಶುರು ಮಾಡಬೇಕು. ಕೈ ಅಲುಗಾಟವನ್ನು ಸರಿದೂಗಿಸುವ ವಿಆರ್‌ನ ಆನ್-ಆಫ್ ಲೆನ್ಸಿನ ಮೇಲಿನ ಸ್ವಿಚ್ಚಿನಿಂದಲೇ ಆಗುತ್ತದೆ, ಮೆನುವಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ರಂಗನತಿಟ್ಟಿನಂಥ ಕಡೆ ದೋಣಿಯಿಂದ ಹಾರುವ ಹಕ್ಕಿ ತೆಗೆಯುವಾಗ ನಾನು ಆ ಸ್ವಿಚ್ಚನ್ನು ಸ್ಪೋರ್ಟ್‌ಗೆ ಹಾಕಿ, ಶಟರನ್ನು 1/2000ರ ಆಸುಪಾಸು ಇಡುತ್ತೇನೆ. ನಾರ್ಮಲ್‌ನಲ್ಲಿದ್ದರೆ ಹಕ್ಕಿಯ ಹಿಂದೆ ಲೆನ್ಸ್ ತಿರುಗಿಸುವಾಗ ಫೈಂಡರಿನೊಳಗಿನ ಚಿತ್ರ ಎಳೆದಂತೆ ಆಡುತ್ತದೆ.

ಈ ಲೆನ್ಸ್, ಟ್ರೈಪಾಡಿಗೆ ಕಟ್ಟುವ ಕಾಲಿರುವ ಕಾಲರ್ ಸೇರಿ, 2.3 ಕಿಲೋ. ಇಷ್ಟು ಭಾರ ಅಡಾಪ್ಟರಿನ ಮೌಂಟಿನಿಂದ ಜೋತಾಡಬಾರದು. ಟ್ರೈಪಾಡಿಗೆ ಯಾವಾಗಲೂ ಲೆನ್ಸಿನ ಕಾಲನ್ನೇ ಕಟ್ಟಬೇಕು. ಎಫ್‌ಟಿಝಡ್‌ನ ಕಾಲಿಗೂ ಬೇಡ, ಬಾಡಿಗೂ ಬೇಡ. ಎತ್ತಿಕೊಂಡು ಹೋಗುವಾಗಲೂ ಹಿಡಿತ ಲೆನ್ಸಿನ ಕಾಲಿನ ಮೇಲಿರಲಿ. ಪಟ್ಟಿಯನ್ನು ಬಾಡಿಯ ಕೊಂಡಿಗೆ ಹಾಕಿ ಕುತ್ತಿಗೆಗೆ ತೂಗುಬಿಟ್ಟರೆ ಎರಡು ಮೌಂಟುಗಳ ಮೇಲೂ ಎಳೆತ ಬೀಳುತ್ತದೆ. ಜೋಡಿಸಿದ ಮೇಲೆ ಬಾಡಿಯನ್ನು ಬಿಗಿ ಹಿಡಿದು ಲೆನ್ಸನ್ನು ಮೆಲ್ಲಗೆ ಆಡಿಸಿ ನೋಡಿ. ತಿರುಗುವ ದಿಕ್ಕಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೆ ಚಿಂತೆಯಿಲ್ಲ, ಅದು ಲಾಕ್ ಪಿನ್ನಿನ ಆಟ. ಮೇಲೆ-ಕೆಳಗೆ ಓಲಾಡಿದರೆ ಮೌಂಟಿನ ಹಿಂದಿನ ಸ್ಪ್ರಿಂಗ್ ಸೋತಿದೆ ಅಥವಾ ಸ್ಕ್ರೂ ಸಡಿಲವಾಗಿದೆ.

ಮೊದಲ ಎಫ್‌ಟಿಝಡ್‌ನ ಕೆಳಗಿನ ಆ ಕಾಲು ಇನ್ನೊಂದು ತೊಂದರೆ ಕೊಡುತ್ತದೆ: ಅಗಲದ ಪ್ಲೇಟಿಗೂ ಬ್ಯಾಟರಿ ಗ್ರಿಪ್ಪಿಗೂ ತಾಗುತ್ತದೆ. 2021ರಲ್ಲಿ ಬಂದ ಎಫ್‌ಟಿಝಡ್ ಟೂನಲ್ಲಿ ಆ ಕಾಲಿಲ್ಲ. ಈಗ ಕೊಳ್ಳುವವರು ಎರಡನೆಯದನ್ನೇ ಕೊಳ್ಳಿ.

ಮಾರಿದ ಎರಡು ಲೆನ್ಸುಗಳು ಎಎಫ್ 50 ಎಫ್/1.8ಡಿ ಮತ್ತು ಎಎಫ್ 85 ಎಫ್/1.8ಡಿ. ಇವುಗಳಲ್ಲಿ ಮೋಟಾರಿಲ್ಲ. ಡಿ750 ಬಾಡಿಯೊಳಗಿನ ಮೋಟಾರು ಒಂದು ಸ್ಕ್ರೂ ಮೂಲಕ ಲೆನ್ಸಿನ ಫೋಕಸನ್ನು ತಿರುಗಿಸುತ್ತಿತ್ತು. ಎಫ್‌ಟಿಝಡ್‌ನಲ್ಲಿ ಆ ಸ್ಕ್ರೂ ಇಲ್ಲ, ಆದ್ದರಿಂದ ಆಟೋಫೋಕಸ್ ಇಲ್ಲ. ಉಳಿದದ್ದೆಲ್ಲ ನಡೆಯುತ್ತದೆ. ಅಪರ್ಚರ್ ರಿಂಗನ್ನು ಅತಿ ದೊಡ್ಡ ಅಂಕಿಗೆ (50ರಲ್ಲಿ 22, 85ರಲ್ಲಿ 16) ತಿರುಗಿಸಿ ಲಾಕ್ ಮಾಡಿದರೆ ಬಾಡಿಯಿಂದಲೇ ಅಪರ್ಚರ್ ಬದಲಿಸಬಹುದು. ಫೋಕಸ್ ಕೂಡಿದಾಗ ಚೌಕ ಹಸಿರಾಗುತ್ತದೆ. ಸಮಸ್ಯೆ ಎಲ್ಲಿ ಎಂದರೆ, ಆಟೋಫೋಕಸ್ ಕಾಲದ ಈ ಲೆನ್ಸುಗಳ ಫೋಕಸ್ ರಿಂಗು ಬಹಳ ಸಡಿಲ, ತಿರುಗುವ ಕೋನವೂ ಚಿಕ್ಕದು. 85ನ್ನು ಎಫ್/1.8ರಲ್ಲಿಟ್ಟು ಕಣ್ಣಿನ ರೆಪ್ಪೆಗೆ ಕೈಯಿಂದ ಫೋಕಸ್ ಕೂರಿಸಲು ಹೋದರೆ ಬೆರಳು ಒಂದಿಷ್ಟು ಅಲುಗಿದರೂ ಫೋಕಸ್ ಕಿವಿಗೆ ಹೋಗಿರುತ್ತದೆ. ಮದುವೆಮನೆಯ ಕೆಲಸಕ್ಕೆ ಇದು ಆಗದ ಮಾತು. 50ರ ಜಾಗಕ್ಕೆ ಝಡ್ 40 ಎಫ್/2 ಬಂತು, ತೂಕ 170 ಗ್ರಾಂ ಮಾತ್ರ.

ಉಳಿಸಿಕೊಂಡ ಇನ್ನೆರಡು ಚಿಪ್ ಇಲ್ಲದ, ಪೂರ್ತಿ ಮ್ಯಾನುಯಲ್ ಹಳೆಯ ಎಐ-ಎಸ್ ಮಾದರಿಯವು: ಎಐ-ಎಸ್ 105 ಎಫ್/2.5 ಮತ್ತು ಎಐ-ಎಸ್ ಮೈಕ್ರೋ 55 ಎಫ್/2.8. ಇವುಗಳ ಫೋಕಸ್ ರಿಂಗು ಕೈಯಿಂದ ತಿರುಗಿಸಲೆಂದೇ ಮಾಡಿದ್ದು. ನಯ, ಒಂದೇ ಬಿಗಿ, ಸಾಕಷ್ಟು ಸುತ್ತು. ಮಿರರ್‌ಲೆಸ್ ಫೈಂಡರಿನಲ್ಲಿ ಹಿಗ್ಗಿಸಿ ನೋಡಬಹುದಾದ್ದರಿಂದ ಡಿ750ಕ್ಕಿಂತ ಝಡ್ ಮೇಲೆಯೇ ಇವು ಹೆಚ್ಚು ಉಪಯೋಗಕ್ಕೆ ಬಂದವು. ಎಕ್ಸ್‌ಪೋಷರ್ ಮೋಡ್ ಎ (ಅಪರ್ಚರ್ ಮಾತ್ರ ನಾವು ಆರಿಸುವುದು) ಅಥವಾ ಎಂ (ಅಪರ್ಚರ್, ಶಟರ್ ಎರಡನ್ನೂ ನಾವೇ ಆರಿಸುವುದು). ರಿಂಗ್ ತಿರುಗಿಸಿದಂತೆ ಬ್ಲೇಡು ಆಗಲೇ ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಬೇಕಾದ ಅಪರ್ಚರಿಗೆ ತರಬೇಕು.

ಒಂದನ್ನು ಮರೆಯಬಾರದು. ಸೆಟಪ್ ಮೆನುವಿನ ನಾನ್-ಸಿಪಿಯು ಲೆನ್ಸ್ (ಚಿಪ್ ಇಲ್ಲದ ಲೆನ್ಸ್) ಡೇಟಾದಲ್ಲಿ ಪ್ರತಿ ಲೆನ್ಸಿನ ಫೋಕಲ್ ಲೆಂಗ್ತ್, ಗರಿಷ್ಠ ಅಪರ್ಚರ್ ತುಂಬಬೇಕು. 20 ಲೆನ್ಸುಗಳಿಗೆ ಜಾಗವಿದೆ. ಇದು ಚಿತ್ರದ ಮಾಹಿತಿಯಲ್ಲಿ ಹೆಸರು ಬರಲೆಂದು ಮಾತ್ರ ಅಲ್ಲ. ಕೈ ಅಲುಗಿದಾಗ ಬಾಡಿಯೊಳಗಿನ ವಿಆರ್ ಸೆನ್ಸರನ್ನು ಎಷ್ಟು ಸರಿಸಬೇಕು ಎಂಬ ಲೆಕ್ಕ ಫೋಕಲ್ ಲೆಂಗ್ತ್ ಮೇಲೆ ನಿಂತಿದೆ. 105 ಹಾಕಿ ನಮೂದು 55ರಲ್ಲಿದ್ದರೆ ಬೇಕಾದ ಅರ್ಧದಷ್ಟೇ ಸರಿಯುತ್ತದೆ. 55 ಹಾಕಿ ನಮೂದು 105ರಲ್ಲಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಸರಿದು, ವಿಆರ್‌ನಿಂದಲೇ ಚಿತ್ರ ಅಲುಗಿಹೋಗುತ್ತದೆ. 1/30ರಲ್ಲಿ ಕಾರಣ ತಿಳಿಯದೆ ಚಿತ್ರ ಮಸುಕಾಗುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಲೆನ್ಸ್ ನಂಬರ್ ಆರಿಸುವುದನ್ನು ನಾನು ಎಫ್ಎನ್ ಬಟನ್ನಿಗೆ ಹಾಕಿಟ್ಟಿದ್ದೇನೆ. ಫೋಕಸ್ ಕೂತ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಅನ್ನು ಕಡಿಮೆ ಸೂಕ್ಷ್ಮತೆಗೆ ಇಟ್ಟಿದ್ದೇನೆ. ಹೆಚ್ಚಿಗೆ ಇಟ್ಟರೆ ಫೋಕಸ್ ಇಲ್ಲದ ಕಡೆಯೂ ಬಣ್ಣ ಬಂದು ಮೋಸವಾಗುತ್ತದೆ. ಕೊನೆಯ ತೀರ್ಮಾನ ನೂರು ಪರ್ಸೆಂಟ್ ಹಿಗ್ಗಿಸಿ ನೋಡಿಯೇ.

55 ಮೈಕ್ರೋ ತನ್ನಷ್ಟಕ್ಕೆ ವಸ್ತುವನ್ನು ಸೆನ್ಸರಿನ ಮೇಲೆ ಅದರ ಅರ್ಧ ಅಳತೆಯವರೆಗೆ ಮೂಡಿಸುತ್ತದೆ. ಪಿಕೆ-13 ಎಂಬ 27.5 ಮಿಮೀ ಟ್ಯೂಬ್ ಸೇರಿಸಿದರೆ ಒಂದಕ್ಕೊಂದು. ಹಳೆಯ 35 ಮಿಮೀ ನೆಗೆಟಿವ್ ಫುಲ್ ಫ್ರೇಮ್ ಸೆನ್ಸರನ್ನು ಸರಿಯಾಗಿ ತುಂಬುತ್ತದೆ, ನಾನು ನೆಗೆಟಿವ್ ಕಾಪಿ ಮಾಡುವುದು ಹೀಗೆ, ಎಫ್/8ರಲ್ಲಿ. ಸೆಕೆಂಡ್‌ಹ್ಯಾಂಡ್ 55 ಕೊಳ್ಳುವವರು ಬ್ಲೇಡುಗಳನ್ನು ನೋಡದೆ ದುಡ್ಡು ಕೊಡಬೇಡಿ. ಫೋಕಸಿಂಗ್‌ನ ಗ್ರೀಸು ಎಣ್ಣೆಯಾಗಿ ಬ್ಲೇಡಿಗೆ ಹರಿಯುವುದು ಈ ಮಾದರಿಯ ಗೊತ್ತಿರುವ ಕಾಯಿಲೆ. ರಿಂಗನ್ನು 32ಕ್ಕೆ ತಿರುಗಿಸಿ, ಹಿಂದಿನ ಲಿವರನ್ನು ಬೆರಳಿನಿಂದ ಎಳೆದು ಬಿಡಿ. ಬ್ಲೇಡು ಟಪ್ಪನೆ ಮುಚ್ಚಬೇಕು. ಸೋಮಾರಿಯಂತೆ ಬಂದರೆ ಬಿಚ್ಚಿ ಶುಚಿ ಮಾಡುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಎರಡನೇ ಬಾಡಿಗಾಗಿ ಬೇರೆ ಕಂಪನಿಯ ಒಂದು ಅಗ್ಗದ ಅಡಾಪ್ಟರನ್ನೂ ಪರೀಕ್ಷಿಸಿದೆ, ಸಂಪರ್ಕದ ಪಿನ್ನುಗಳೇ ಇಲ್ಲದ ಬರೀ ಕೊಳವೆ. ಮ್ಯಾನುಯಲ್ ಲೆನ್ಸಿಗೆ ಸಾಕಲ್ಲ ಎಂದು ಅನ್ನಿಸುತ್ತದೆ. ತೊಂದರೆ ಇರುವುದು ಅಳತೆಯಲ್ಲಿ. ಅಡಾಪ್ಟರು 0.1 ಮಿಮೀ ದಪ್ಪವಾದರೂ ಲೆನ್ಸ್ ಅನಂತದವರೆಗೆ ಫೋಕಸ್ ಆಗುವುದಿಲ್ಲ. ಎಲ್ಲಿಗೆ ನಿಲ್ಲುತ್ತದೆ ಎಂಬ ಲೆಕ್ಕ ಸುಲಭ: ಫೋಕಲ್ ಲೆಂಗ್ತ್‌ನ ವರ್ಗವನ್ನು ಆ ಹೆಚ್ಚುವರಿ ದಪ್ಪದಿಂದ ಭಾಗಿಸಿ. 24 ಮಿಮೀ ಲೆನ್ಸಾದರೆ 576ನ್ನು 0.1ರಿಂದ ಭಾಗಿಸಿದಾಗ 5760 ಮಿಮೀ, ಅಂದರೆ ಆರು ಮೀಟರಿಗಿಂತ ಆಚೆ ಫೋಕಸೇ ಇಲ್ಲ. 50ಕ್ಕೆ 25 ಮೀಟರು, 105ಕ್ಕೆ ಸುಮಾರು 110 ಮೀಟರು. ಅದಕ್ಕೇ ಒಂದೇ ಅಡಾಪ್ಟರನ್ನು ಟೆಲಿ ಇರುವವರು ಹೊಗಳುತ್ತಾರೆ, ವೈಡ್ ಇರುವವರು ಬೈಯುತ್ತಾರೆ, ಇಬ್ಬರದೂ ನಿಜ. ಇದನ್ನು ತಪ್ಪಿಸಲೆಂದು ತಯಾರಕರು ಬೇಕೆಂದೇ ಸ್ವಲ್ಪ ತೆಳ್ಳಗೆ ಮಾಡುವುದುಂಟು. ಆಗ ಅನಂತ ಸಿಗುತ್ತದೆ, ಆದರೆ ರಿಂಗಿನ ಕೊನೆ ಮುಟ್ಟುವ ಮೊದಲೇ, ದೂರದ ಅಂಕಿಗಳೆಲ್ಲ ಸುಳ್ಳಾಗುತ್ತವೆ.

ನಾನು ವರ್ನಿಯರ್ ಕ್ಯಾಲಿಪರ್ ಹಿಡಿದು ನಾಲ್ಕು ಕಡೆ ಅಳೆದೆ. ದವಡೆ ಕೂರಬೇಕಾದ್ದು ಎರಡೂ ಕಡೆಯ ಸಮತಟ್ಟು ಲೋಹದ ಮೇಲೆ, ಹಿಂದೆ ಚಾಚಿರುವ ಬಯೊನೆಟ್ ಹಲ್ಲುಗಳ ಮೇಲಲ್ಲ. ಒಂದು ಕಡೆ 30.42, ಎದುರು ಕಡೆ 30.50 ಬಂತು. ಒಟ್ಟು ದಪ್ಪಕ್ಕಿಂತ ಈ ವ್ಯತ್ಯಾಸವೇ ಕೆಟ್ಟದ್ದು. ಲೆನ್ಸ್ ಓರೆಯಾಗಿ ಕೂತು ಚಿತ್ರದ ಒಂದು ಪಕ್ಕ ಮಾತ್ರ ಮೃದುವಾಗುತ್ತದೆ, ಜನ ಲೆನ್ಸನ್ನು ದೂರುತ್ತಾರೆ. ಕಣ್ಣಿನಿಂದ ಖಚಿತ ಮಾಡಿಕೊಳ್ಳಲು ಬೆಳಿಗ್ಗೆ ಬಿಸಿಲೇರುವ ಮೊದಲು ದೂರದ ಮೊಬೈಲ್ ಟವರನ್ನು ತೆಗೆದೆ: ಟ್ರೈಪಾಡ್ ಮೇಲೆ, ವಿಆರ್ ಆಫ್ ಮಾಡಿ, ಎರಡು ಸೆಕೆಂಡು ಟೈಮರ್, ಲೆನ್ಸ್ ಪೂರ್ತಿ ತೆರೆದು. ಟವರನ್ನು ನಡುವೆ ಇಟ್ಟು ಫೋಕಸ್ ಮಾಡಿ, ರಿಂಗ್ ಮುಟ್ಟದೆ ನಾಲ್ಕು ಮೂಲೆಗೂ ಒಂದೊಂದು ಸಲ ತಂದು ತೆಗೆಯಬೇಕು. ಒಂದೇ ಪಕ್ಕ ಮಸುಕಾದರೆ ಎಫ್‌ಟಿಝಡ್ ಹಾಕಿ ಮತ್ತೆ ಅದೇ ಪರೀಕ್ಷೆ. ಆಗ ಸರಿಹೋದರೆ ತಪ್ಪು ಅಡಾಪ್ಟರಿನದು. ಆ ಕೊಳವೆಯನ್ನು ಹಿಂದಿರುಗಿಸಿದೆ.

ಕಾರ್ಯಕ್ರಮದ ನಡುವೆ ಅಪರ್ಚರ್ ಜಾಗದಲ್ಲಿ ಎಫ್ ಪಕ್ಕ ಎರಡು ಗೆರೆ ಮಾತ್ರ ಕಂಡರೆ ಗಾಬರಿಯಾಗಬೇಡಿ, ಬಾಡಿಗೆ ಲೆನ್ಸಿನೊಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಮಾತು ತಲುಪುತ್ತಿಲ್ಲ ಅಷ್ಟೆ. ಅಡಾಪ್ಟರ್ ಬಂದಮೇಲೆ ಸಂಪರ್ಕದ ಜಾಗ ಒಂದಿದ್ದದ್ದು ಎರಡಾಗಿದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಹಚ್ಚಿದ ಮೆತ್ತನೆ ಬಟ್ಟೆಯಿಂದ ಎರಡೂ ಕಡೆ ಒರೆಸಿ ಮತ್ತೆ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಧೂಳಿನ ವಿಷಯದಲ್ಲಿ ಮಾತ್ರ ಅಭ್ಯಾಸ ಬದಲಾಯಿಸಲೇಬೇಕು. ಇಲ್ಲಿ ಕನ್ನಡಿಯಿಲ್ಲ, ಝಡ್ 6 ಟೂನಲ್ಲಿ ಆಫ್ ಮಾಡಿದಾಗ ಮುಚ್ಚಿಕೊಳ್ಳುವ ಪರದೆಯೂ ಇಲ್ಲ, ಸೆನ್ಸರು ಬಯಲಾಗಿರುತ್ತದೆ. ಎಫ್‌ಟಿಝಡ್ ಅನ್ನು ನಾನು ಹೆಚ್ಚಿನ ಹೊತ್ತು ಬಾಡಿಗೇ ಬಿಟ್ಟು, ಅದರ ಬಾಯಿಗೆ ಡಿ750ರ ಹಳೆಯ ಬಾಡಿ ಕ್ಯಾಪನ್ನೇ ಹಾಕುತ್ತೇನೆ. ಅಳತೆ ಸರಿಯಾಗಿ ಹೊಂದುತ್ತದೆ. ಲೆನ್ಸ್ ಬದಲಿಸುವಾಗ ಮೌಂಟು ನೆಲ ನೋಡುತ್ತಿರಬೇಕು.

ಹಾರುವ ಹಕ್ಕಿಯೇ ಮುಖ್ಯ ಕೆಲಸವೆಂದರೆ ಮುಂದಿನ ದುಡ್ಡು ಲೆನ್ಸಿಗಲ್ಲ, ಬಾಡಿಗೆ ಹೋಗಬೇಕು. ಝಡ್ 6 ಟೂ ಪ್ರಾಣಿಗಳಲ್ಲಿ ನಾಯಿ-ಬೆಕ್ಕಿನ ಕಣ್ಣನ್ನು ಗುರುತಿಸುತ್ತದೆ, ಹಕ್ಕಿಗೆಂದು ಮಾಡಿದ್ದಲ್ಲ. ಝಡ್ 8ಕ್ಕೆ 2024ರ ಫೆಬ್ರುವರಿಯ 2.00 ಫರ್ಮ್‌ವೇರಿನಲ್ಲಿ ಹಕ್ಕಿಗೇ ಪ್ರತ್ಯೇಕ ಗುರುತಿಸುವಿಕೆ ಬಂತು. ಅದೇ 200-500 ಅದೇ ಅಡಾಪ್ಟರಿನೊಡನೆ ಅದರ ಮೇಲೂ ನಡೆಯುತ್ತದೆ. ಝಡ್ ಮೌಂಟಿನ 180-600 ಲೆನ್ಸ್ ಕೊಳ್ಳುವುದಿದ್ದರೆ ಅದು ಆಮೇಲಿನ ಮಾತು: ಕಾಲರ್ ಸೇರಿ 2140 ಗ್ರಾಂ, ಝೂಮ್ ಮಾಡಿದರೆ ಉದ್ದವಾಗುವುದಿಲ್ಲ, ಫಿಲ್ಟರ್ ಅಳತೆ 200-500ರದೇ 95 ಮಿಮೀ, ಇರುವ ಫಿಲ್ಟರನ್ನೇ ಹಾಕಿಕೊಳ್ಳಬಹುದು.