ದಿಗಿಲು ಕಟ್ಟುವವರು: ಭಯದ ಚಿತ್ರಗಳ ನಿರ್ದೇಶಕರನ್ನು ಅರಿತು ನೋಡುವ ಬಗೆ

ಬೆಚ್ಚುವುದು ಬೇರೆ, ದಿಗಿಲುಗೊಳ್ಳುವುದು ಬೇರೆ. ಹಿಂದಿನಿಂದ ಯಾರೋ ಹಠಾತ್ತನೆ ಹೆಗಲು ಮುಟ್ಟಿದರೆ ಬೆಚ್ಚುತ್ತೇವೆ. ಕತ್ತಲಾದರೂ ಮನೆಗೆ ಬರಬೇಕಾದವರು ಬಾರದಿದ್ದರೆ ದಿಗಿಲಾಗುತ್ತದೆ. ಭಯದ ಚಿತ್ರಗಳ ದೊಡ್ಡ ನಿರ್ದೇಶಕರನ್ನು ಅರಿಯಬಯಸುವವರು ಮೊದಲು ಈ ಎರಡು ಪದಗಳನ್ನು ಒಂದು ಹಾಳೆಯ ಎಡಕ್ಕೊಂದು ಬಲಕ್ಕೊಂದು ಬರೆದುಕೊಳ್ಳಬೇಕು. ಚಿತ್ರವನ್ನು ಮೊದಲ ಸಲ ಎಲ್ಲಿಯೂ ನಿಲ್ಲಿಸದೆ, ದೀಪ ಆರಿಸಿ ನೋಡಿ. ಮರುದಿನ ಹಗಲಿನಲ್ಲಿ, ನಿಮ್ಮನ್ನು ಹೆಚ್ಚು ಕಾಡಿದ ಒಂದೇ ದೃಶ್ಯವನ್ನು ಆಯ್ದು, ಒಮ್ಮೆ ಧ್ವನಿಯನ್ನು ಪೂರ್ತಿ ತಗ್ಗಿಸಿಯೂ ಇನ್ನೊಮ್ಮೆ ಕಣ್ಣು ಮುಚ್ಚಿಕೊಂಡು ಬರೀ ಕಿವಿಯಿಂದಲೂ ಅನುಭವಿಸಿ, ಭಯ ಎಲ್ಲಿ ಹುಟ್ಟಿತು, ಅದು ಯಾವ ಬಗೆಯದು ಎಂಬುದನ್ನು ಆ ಹಾಳೆಯಲ್ಲಿ ಗುರುತು ಮಾಡಿ. ಆರಂಭಕ್ಕೆ ನಾಲ್ವರು ನಿರ್ದೇಶಕರು ಸಾಕು.

ಮೊದಲು ಜಾಕ್ ಟರ್ನರ್ ಅವರ 1942ರ ‘ಕ್ಯಾಟ್ ಪೀಪಲ್’ ನೋಡಿ. ನಿರ್ಮಾಪಕ ವಾಲ್ ಲ್ಯೂಟನ್ ಅವರೊಂದಿಗೆ ಕಡಿಮೆ ಹಣದಲ್ಲಿ ಮಾಡಿದ ಈ ಚಿತ್ರದಲ್ಲಿ ಒಬ್ಬ ಹೆಂಗಸು ರಾತ್ರಿಯಲ್ಲಿ ಉದ್ಯಾನದ ಕಲ್ಲುಗೋಡೆಯ ಪಕ್ಕ ಒಂಟಿಯಾಗಿ ನಡೆಯುತ್ತಾಳೆ. ಹಿಂದೆ ಇನ್ನೊಬ್ಬಳ ಹಿಮ್ಮಡಿಯ ಸದ್ದು ಕೇಳುತ್ತಿರುತ್ತದೆ, ಆಮೇಲೆ ಅದು ನಿಂತುಹೋಗುತ್ತದೆ. ಮುಂದಿನವಳ ಹೆಜ್ಜೆ ಚುರುಕಾಗುತ್ತದೆ, ಅವಳು ತಿರುಗಿ ನೋಡುತ್ತಾಳೆ, ಅಲ್ಲಿ ಯಾರೂ ಇರುವುದಿಲ್ಲ. ಅಷ್ಟರಲ್ಲಿ ಬುಸ್ಸೆನ್ನುತ್ತ ಒಂದು ಬಸ್ಸು ಚಿತ್ರದ ಚೌಕಟ್ಟಿನೊಳಗೆ ನುಗ್ಗುತ್ತದೆ. ನಾವು ಬೆಚ್ಚುವುದು ಬಸ್ಸಿಗೆ. ಆದರೆ ದಿಗಿಲು ಹುಟ್ಟಿದ್ದು ಆ ಹೆಜ್ಜೆಗಳ ಸದ್ದು ನಿಂತಾಗಲೇ. ಈ ತಂತ್ರಕ್ಕೆ ಸಿನಿಮಾದವರಲ್ಲಿ ‘ಲ್ಯೂಟನ್ ಬಸ್’ ಎಂಬ ಹೆಸರೇ ನಿಂತಿದೆ. ಈ ದೃಶ್ಯವನ್ನು ಕಣ್ಣು ಮುಚ್ಚಿ ಕೇಳದಿದ್ದರೆ ಅರ್ಧ ಪಾಠವೇ ತಪ್ಪಿಹೋಗುತ್ತದೆ.

ಅನಂತರ ಆಲ್ಫ್ರೆಡ್ ಹಿಚ್‌ಕಾಕ್. ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಅವರೊಂದಿಗಿನ ಪ್ರಸಿದ್ಧ ಮಾತುಕತೆಯಲ್ಲಿ ಅವರು ಕೊಟ್ಟ ಉದಾಹರಣೆಯನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಮೇಜಿನ ಕೆಳಗೆ ಬಾಂಬು ಇರುವುದು ಪ್ರೇಕ್ಷಕನಿಗೆ ಗೊತ್ತಿಲ್ಲದಿದ್ದರೆ ಅದು ಸಿಡಿದಾಗ ಹದಿನೈದು ಸೆಕೆಂಡಿನ ಅಚ್ಚರಿ, ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ. ಈಗ 1960ರ ‘ಸೈಕೋ’ ಚಿತ್ರದಲ್ಲಿ ಸ್ನಾನದ ವೇಳೆ ನಡೆಯುವ ಕೊಲೆಯ ದೃಶ್ಯಕ್ಕೆ ಬನ್ನಿ. ನಾಯಕಿ ಸ್ನಾನದ ಕೋಣೆಯ ಪರದೆಗೆ ಬೆನ್ನು ಮಾಡಿ ನಿಂತಿದ್ದಾಳೆ. ಅವಳ ಹಿಂದೆ ಬಾಗಿಲು ತೆರೆದು ಒಂದು ನೆರಳು ಬರುವುದು ನಮಗೆ ಮಾತ್ರ ಕಾಣುತ್ತದೆ. ನೀರು ಸುರಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಪರದೆ ಸರಿದ ಮೇಲೆಯೇ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಅವರ ತಂತಿವಾದ್ಯಗಳು ಕಿರುಚುತ್ತವೆ. ಆ ಹಂತಕ್ಕೆ ಸಂಗೀತವೇ ಬೇಡವೆಂಬುದು ಹಿಚ್‌ಕಾಕರ ಮೊದಲ ಎಣಿಕೆಯಾಗಿತ್ತು. ಹರ್ಮನ್ ಕೇಳಿಸಿದ ಮೇಲೆ ಒಪ್ಪಿದರು. ಸುಮಾರು ಮುಕ್ಕಾಲು ನಿಮಿಷದ ಆ ಕೊಲೆಯನ್ನು ಚಿತ್ರೀಕರಿಸಲು ಒಂದು ವಾರ ಹಿಡಿಯಿತು. ಇಲ್ಲಿ ನೀವು ಮಾಡಬೇಕಾದ ಕೆಲಸ ತುಸು ಬೇಸರದ್ದು, ಆದರೂ ಬಿಡಬೇಡಿ: ದೃಶ್ಯವನ್ನು ನಿಧಾನಗೊಳಿಸಿ, ಪ್ರತಿ ಕತ್ತರಿಕೆಗೆ (ಒಂದು ಶಾಟ್ ಮುಗಿದು ಇನ್ನೊಂದು ಬರುವ ಕಡೆ) ಒಂದು ಗೆರೆ ಎಳೆಯುತ್ತ ಹೋಗಿ, ಚಾಕು ಮೈಗೆ ತಾಗುವುದು ಎಷ್ಟು ಸಲ ನಿಜವಾಗಿ ಕಾಣುತ್ತದೆ ಎಂದು ಎಣಿಸಿ. ನೀವು ನೋಡಿದೆನೆಂದುಕೊಂಡಿದ್ದರಲ್ಲಿ ಬಹುಪಾಲು ನಿಮ್ಮ ಮನಸ್ಸೇ ಜೋಡಿಸಿಕೊಂಡದ್ದು.

ಮೂರನೆಯವರು ಜಾನ್ ಕಾರ್ಪೆಂಟರ್. ಸಿನಿಮಾ ಮಾಡುವ ಆಸೆಯಿರುವ ಕಿರಿಯರಿಗೆ ಎಲ್ಲರಿಗಿಂತ ಹೆಚ್ಚು ಕಲಿಸಬಲ್ಲವರು ಇವರೇ ಎಂದು ನನ್ನ ನಂಬಿಕೆ. 1978ರ ‘ಹ್ಯಾಲೋವೀನ್’ ಸುಮಾರು ಮೂರು ಲಕ್ಷ ಡಾಲರಿನಲ್ಲಿ ಮುಗಿದ ಚಿತ್ರ. ಕೊಲೆಗಾರನ ಮುಖವಾಡವು ಅಂಗಡಿಯಲ್ಲಿ ಕೊಂಡು ಬಿಳಿ ಬಣ್ಣ ಬಳಿದದ್ದು. ನೋಡುವಾಗ ನಾಯಕಿಯ ಮುಖದಿಂದ ದೃಷ್ಟಿ ಸರಿಸಿ ಅಗಲವಾದ ಚೌಕಟ್ಟಿನ ಅಂಚುಗಳನ್ನೂ ಹಿನ್ನೆಲೆಯನ್ನೂ ಗಮನಿಸಿ. ಹಗಲಿನಲ್ಲಿ ಅವಳು ಕೋಣೆಯ ಕಿಟಕಿಯಿಂದ ಕೆಳಗೆ ನೋಡಿದರೆ ಒಣಹಾಕಿದ ಬಟ್ಟೆಗಳ ನಡುವೆ ಅವನು ಸುಮ್ಮನೆ ನಿಂತಿರುತ್ತಾನೆ. ಮತ್ತೆ ನೋಡಿದರೆ ಬಟ್ಟೆಗಳಷ್ಟೇ ಇರುತ್ತವೆ. ಸಂಗೀತವಿಲ್ಲದ ಪ್ರತಿಯನ್ನು ತೋರಿಸಿದಾಗ ನೋಡಿದವರಿಗೆ ಭಯವೇ ಆಗಲಿಲ್ಲವೆಂದೂ, ಆಮೇಲೆ ತಾವೇ ಸಂಗೀತ ಕಟ್ಟಿ ಚಿತ್ರವನ್ನು ಉಳಿಸಿಕೊಂಡೆವೆಂದೂ ಕಾರ್ಪೆಂಟರ್ ಹೇಳಿಕೊಂಡಿದ್ದಾರೆ. ಆ ಸಂಗೀತದ ಪಿಯಾನೋ ಐದರ ಎಣಿಕೆಯಲ್ಲಿ ನಡೆಯುತ್ತದೆ. ಖಂಡ ಚಾಪು ತಾಳ ಬಲ್ಲ ನಮ್ಮ ಕಿವಿಗೆ ಐದು ಹೊಸದಲ್ಲ. ನಾಲ್ಕರ ನಡೆಗೆ ಒಗ್ಗಿದವರಿಗೆ ಮಾತ್ರ ಪ್ರತಿ ಸುತ್ತಿನಲ್ಲೂ ಕಾಲು ಎಡವಿದಂತಾಗುತ್ತದೆ. ಬೆರಳಿನಲ್ಲಿ ತಾಳ ಹಾಕುತ್ತ ಕೇಳಿ.

ಇವರ ಬಳಿಕ ಬೇಕಾದರೆ ಹಿಂದಕ್ಕೆ ಹೋಗಿ ಜರ್ಮನಿಯ ನಿರ್ದೇಶಕ ಮುರ್ನೌ ಅವರ 1922ರ ಮೂಕಿಚಿತ್ರ ‘ನೊಸ್ಫೆರಾಟು’ವಿನಲ್ಲಿ ಮೆಟ್ಟಿಲೇರುವ ನೆರಳನ್ನು ನೋಡಬಹುದು. ಆದರೆ ನಾಲ್ಕನೆಯವರಾಗಿ ಜಪಾನಿನ ಹಿಡಿಯೊ ನಕಾಟಾ ಅವರನ್ನು ಬಿಡಬಾರದು. 1998ರ ‘ರಿಂಗು’ ಚಿತ್ರದಲ್ಲಿ ರಕ್ತವಿಲ್ಲ ಎನ್ನುವಷ್ಟು ಕಡಿಮೆ. ಕೂದಲು ಮುಖ ಮುಚ್ಚಿದ ಹೆಣ್ಣೊಬ್ಬಳು ಬಾವಿಯಿಂದ ಹತ್ತಿ, ಟೀವಿಯ ಗಾಜು ದಾಟಿ, ಕೋಣೆಯೊಳಕ್ಕೆ ತೆವಳಿ ಬರುತ್ತಾಳೆ, ಅಷ್ಟೆ. ಅವಳ ನಡಿಗೆಯಲ್ಲಿ ಏನೋ ತಪ್ಪಿದೆ ಎಂದು ಮೈಗೆ ಮೊದಲು ತಿಳಿಯುತ್ತದೆ, ಬುದ್ಧಿಗೆ ಕಾರಣ ಹೊಳೆಯುವುದಿಲ್ಲ. ನಟಿ ರಿಯೆ ಇನೋ ಅವರನ್ನು ಹಿಮ್ಮುಖವಾಗಿ ನಡೆಸಿ ಚಿತ್ರೀಕರಿಸಿ, ಆ ಫಿಲ್ಮನ್ನು ತಿರುಗಿಸಿ ಓಡಿಸಿದ್ದಾರೆ. ನಿಮ್ಮ ಸಾಧನದಲ್ಲಿ ಹಿಂದಕ್ಕೆ ಓಡಿಸುವ ಅವಕಾಶವಿದ್ದರೆ ಆ ನಡಿಗೆಯನ್ನು ಒಮ್ಮೆ ಹಾಗೆ ಓಡಿಸಿ, ಪಾದಗಳನ್ನೂ ಹೆಗಲನ್ನೂ ಗಮನಿಸಿ. ಆಮೇಲೆ ಅದೇ ತುಣುಕನ್ನು ಮುಂದಕ್ಕೆ ಓಡಿಸಿ, ಕಾರಣ ತಿಳಿದ ಮೇಲೂ ದಿಗಿಲು ಎಷ್ಟು ಉಳಿದಿದೆ ಎಂಬುದನ್ನು ಹಾಳೆಯಲ್ಲಿ ಬರೆದಿಡಿ.